ಎರಡಕ್ಕೆ ಅರ್ಧ ಕೂಡಿದರೆ ಒಂದೂವರೆ: ಸಾಲಿಟಾನ್‌ಗಳು ಮತ್ತು ಸೂಪರ್‌ಸಿಮೆಟ್ರಿಯ ಲೆಕ್ಕ

ಒಂದು ಅಲೆಯ ಎತ್ತರ 2. ಇನ್ನೊಂದರದು ಅರ್ಧ. ದೊಡ್ಡದು ಹಿಂದಿನಿಂದ ವೇಗವಾಗಿ ಬಂದು ಚಿಕ್ಕದನ್ನು ಹಿಡಿಯುತ್ತದೆ. ಎರಡೂ ಸರಿಯಾಗಿ ಒಂದರ ಮೇಲೊಂದು ಕೂತ ಗಳಿಗೆಯಲ್ಲಿ ಎತ್ತರ ಎಷ್ಟಿರುತ್ತದೆ? ಎರಡೂವರೆ ಅನ್ನಬೇಕು ಅನ್ನಿಸುತ್ತದೆ, ಅಲ್ವಾ? ಉತ್ತರ ಒಂದೂವರೆ. ದೊಡ್ಡ ಅಲೆ ಒಂಟಿಯಾಗಿದ್ದಾಗ ಇದ್ದ ಎತ್ತರಕ್ಕಿಂತಲೂ ಕಡಿಮೆ! ಅಲೆ ತಗ್ಗಿದರೂ ಅಗಲವಾಗುತ್ತದೆ, ಹಾಗಾಗಿ ಅದರ ಕೆಳಗಿನ ಒಟ್ಟು ವಿಸ್ತೀರ್ಣ ಬದಲಾಗುವುದಿಲ್ಲ. ದೊಡ್ಡದರದು 4, ಚಿಕ್ಕದರದು 2, ಒಟ್ಟು 6 ಇದ್ದದ್ದು 6 ಆಗಿಯೇ ಉಳಿಯುತ್ತದೆ. ಆಮೇಲೆ ಎರಡೂ ಬೇರೆಯಾಗುತ್ತವೆ. ದೊಡ್ಡದು ಮುಂದೆ, ಚಿಕ್ಕದು ಹಿಂದೆ. ಎತ್ತರ ಮತ್ತೆ 2 ಮತ್ತು ಅರ್ಧ. ಒಂದಿಷ್ಟೂ ಹೆಚ್ಚಿಲ್ಲ, ಒಂದಿಷ್ಟೂ ಕಮ್ಮಿಯಿಲ್ಲ.

ಇವೆಲ್ಲ ಅಂದಾಜಿನ ಅಂಕಿಗಳಲ್ಲ. ಪೆನ್ನು, ಕಾಗದ ಹಿಡಿದು ಕೊನೆಯವರೆಗೂ ಬಿಡಿಸಬಹುದಾದ ಲೆಕ್ಕದ ಉತ್ತರಗಳು. ಇಂಥ ಅಲೆಗೆ ಸಾಲಿಟಾನ್ ಎಂದು ಹೆಸರು. ಈ ಲೆಕ್ಕಕ್ಕೆ ಸೂಪರ್‌ಸಿಮೆಟ್ರಿಯನ್ನು ಸೇರಿಸಿದರೆ ಏನಾಗುತ್ತದೆ, ಆಗಲೂ ಪೂರ್ತಿ ನಿಖರವಾದ ಉತ್ತರ ಸಿಗುತ್ತದೆಯೇ ಅನ್ನುವುದು ಈ ಲೇಖನದ ವಿಷಯ. ಬೆಂಗಳೂರಿನವರಿಗೆ ಇದು ತೀರಾ ದೂರದ ಮಾತೂ ಅಲ್ಲ. ಹೆಸರಘಟ್ಟದ ಕಡೆ ಇರುವ ಐಸಿಟಿಎಸ್ ಎಂಬ ಸೈದ್ಧಾಂತಿಕ ವಿಜ್ಞಾನ ಕೇಂದ್ರದಲ್ಲಿ 2018ರಲ್ಲಿ ಇಂಟಿಗ್ರಬಲ್ ಸಿಸ್ಟಮ್‌ಗಳ ಮೇಲೆಯೇ ವಾರಗಟ್ಟಲೆ ಕಾರ್ಯಕ್ರಮ ನಡೆದಿತ್ತು. ‘ಇಂಟಿಗ್ರಬಲ್’ ಅಂದರೆ ಸದ್ಯಕ್ಕೆ ಇಷ್ಟು ಸಾಕು: ಸಮೀಕರಣ ವಕ್ರವಾಗಿದ್ದರೂ ಒಳಗೊಳಗೆ ಎಷ್ಟೊಂದು ಕಟ್ಟುಪಾಡುಗಳಿವೆ ಅಂದರೆ, ಅದು ಕೊನೆಗೂ ಬಿಡಿಸಿಕೊಳ್ಳುತ್ತದೆ.

ಹಳೆಯ ಕಥೆಯನ್ನು ಬೇಗ ಮುಗಿಸುತ್ತೇನೆ. 1834ರಲ್ಲಿ ಎಡಿನ್‌ಬರೋ ಹತ್ತಿರದ ಯೂನಿಯನ್ ಕಾಲುವೆಯಲ್ಲಿ ದೋಣಿಯೊಂದು ಥಟ್ಟನೆ ನಿಂತಿತು. ಅದರ ಮುಂದೆ ಎದ್ದ ಒಂಟಿ ಅಲೆಯನ್ನು ಜಾನ್ ಸ್ಕಾಟ್ ರಸೆಲ್ ಎಂಬ ಎಂಜಿನಿಯರ್ ಕುದುರೆ ಮೇಲೆ ಹಿಂಬಾಲಿಸಿದ. ಒಂದೆರಡು ಮೈಲಿ ಹೋದರೂ ಅದು ತನ್ನ ಆಕಾರವನ್ನು ಹೆಚ್ಚುಕಡಿಮೆ ಹಾಗೇ ಉಳಿಸಿಕೊಂಡಿತ್ತು. (ನಮ್ಮ ರಾಜಕಾಲುವೆಗಳ ದಡದಲ್ಲಿ ಈ ಪ್ರಯೋಗಕ್ಕೆ ಇಳಿಯಬೇಡಿ. ಕುದುರೆ ಇರಲಿ, ನಡೆಯೋಕೂ ಜಾಗ ಇಲ್ಲ.) 1895ರಲ್ಲಿ ಕೋರ್ಟೆವೇಗ್ ಮತ್ತು ಡಿ ವ್ರೀಸ್ ಆ ಅಲೆಗೊಂದು ಸಮೀಕರಣ ಕೊಟ್ಟರು. ಅದೇ ಕೆಡಿವಿ ಸಮೀಕರಣ. 1965ರಲ್ಲಿ ಝಬುಸ್ಕಿ ಮತ್ತು ಕ್ರುಸ್ಕಲ್ ಕಂಪ್ಯೂಟರಿನಲ್ಲಿ ಇದನ್ನು ಓಡಿಸಿ ನೋಡಿದರು. ಅಲೆಗಳು ಒಂದರೊಳಗೊಂದು ಹಾದು ಹೊರಗೆ ಬರುವುದನ್ನು ಕಂಡು ಸಾಲಿಟಾನ್ ಎಂಬ ಹೆಸರಿಟ್ಟವರು ಇವರೇ.

ಅಲೆಯ ಎತ್ತರವನ್ನು ‘ಬ’ ಅಂತ ಕರೆಯೋಣ. ಕೆಡಿವಿ ಸಮೀಕರಣದಲ್ಲಿ ಮೂರು ತುಂಡುಗಳಿವೆ. ಕಾಲ ಕಳೆದಂತೆ ಬ ಬದಲಾಗುವ ದರ ಮೊದಲನೆಯದು. ಬ ಮತ್ತು ಅದರ ಇಳಿಜಾರನ್ನು ಗುಣಿಸಿ, ಅದರ ಆರರಷ್ಟು ತೆಗೆದುಕೊಂಡರೆ ಎರಡನೆಯದು. ಇಳಿಜಾರಿನ ಇಳಿಜಾರು, ಅದರದೂ ಇಳಿಜಾರು ತೆಗೆದರೆ ಸಿಗುವ ಬ-ದ ಮೂರನೇ ಡೆರಿವೇಟಿವ್ ಮೂರನೆಯದು. ಮೂರರ ಮೊತ್ತ ಸೊನ್ನೆ. ಎರಡನೆಯ ತುಂಡು ಅಲೆಯನ್ನು ಕಡಿದಾಗಿಸುತ್ತದೆ, ಮೂರನೆಯದು ಅದನ್ನು ಚದುರಿಸುತ್ತದೆ. ಎರಡೂ ಸಮವಾಗಿ ಜಗ್ಗಿದಾಗ ಆಕಾರ ಉಳಿಯುತ್ತದೆ. ಪ್ರತಿ ಸಾಲಿಟಾನ್‌ಗೂ ‘ಕ’ ಎಂಬ ಒಂದು ಸಂಖ್ಯೆ ಇದೆ. ಎತ್ತರ ಕ-ವರ್ಗದ ಅರ್ಧ, ವೇಗ ಕ-ವರ್ಗ. ಮೇಲೆ ಹೇಳಿದ ಎರಡು ಅಲೆಗಳಿಗೆ ಕ ಬೆಲೆ 2 ಮತ್ತು 1. ವೇಗ 4 ಮತ್ತು 1.

ಬ ತನ್ನನ್ನೇ ಗುಣಿಸಿಕೊಳ್ಳುವುದರಿಂದ ಎರಡು ಪರಿಹಾರಗಳನ್ನು ಸುಮ್ನೆ ಕೂಡಿಸಿದರೆ ಮೂರನೆಯ ಪರಿಹಾರ ಬರುವುದಿಲ್ಲ. ಎರಡೂವರೆ ಸಿಗದೆ ಒಂದೂವರೆ ಸಿಕ್ಕಿದ್ದು ಇದರಿಂದಲೇ. ಹಾಗಾದರೆ ನಿಖರ ಪರಿಹಾರ ಹುಡುಕುವುದು ಹೇಗೆ? 1967ರಲ್ಲಿ ಗಾರ್ಡ್‌ನರ್, ಗ್ರೀನ್, ಕ್ರುಸ್ಕಲ್, ಮಿಯುರಾ ಒಂದು ದಾರಿ ತೋರಿಸಿದರು. ಅದು ಬಹಳ ಆಳವಾದ ದಾರಿ, ಸ್ವಲ್ಪ ಉದ್ದವೂ ಹೌದು. 1971ರಲ್ಲಿ ಜಪಾನಿನ ರ್ಯೋಗೊ ಹಿರೋಟಾ ಕೊಟ್ಟದ್ದು ಅಡ್ಡದಾರಿ. ನನಗೆ ಇಷ್ಟವಾದದ್ದು ಅದೇ.

ಹಿರೋಟಾ ಬ-ವನ್ನು ನೇರವಾಗಿ ಹುಡುಕಲಿಲ್ಲ. ‘ಟೌ’ ಎಂಬ ಇನ್ನೊಂದು ಫಂಕ್ಷನ್ ತೆಗೆದುಕೊಂಡರು. ಟೌ-ದ ಲಾಗ್ ತೆಗೆದು, ಎರಡು ಸಲ ಡೆರಿವೇಟಿವ್ ಮಾಡಿ, ಎರಡರಿಂದ ಗುಣಿಸಿದರೆ ಬ ಬರಬೇಕು. ಹೀಗೆ ಬರೆದ ತಕ್ಷಣ ಎಲ್ಲ ಸರಳವಾಗುತ್ತದೆ. ಒಂದು ಸಾಲಿಟಾನ್ ಬೇಕೇ? ಟೌ ಅಂದರೆ 1 + ಘ. ಇಲ್ಲಿ ಘ ಒಂದು ಮಾಮೂಲಿ ಎಕ್ಸ್‌ಪೊನೆನ್ಷಿಯಲ್. ಎರಡು ಬೇಕೇ?

ಟೌ = 1 + ಘ1 + ಘ2 + ಅ × ಘ1 × ಘ2

ಅಷ್ಟೇ, ಸರಣಿ ಅಲ್ಲಿಗೇ ಮುಗಿಯುತ್ತದೆ. ಡಿಕ್ಕಿಯ ಕಥೆಯೆಲ್ಲ ಆ ‘ಅ’ ಒಂದರಲ್ಲೇ ಇದೆ. ಎರಡು ಕ-ಗಳ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸಿ ವರ್ಗ ಮಾಡಿದರೆ ಅ ಸಿಗುತ್ತದೆ. ನಮ್ಮ ಅಲೆಗಳಿಗೆ ಮೂರನೇ ಒಂದರ ವರ್ಗ, ಅಂದರೆ ಒಂಬತ್ತನೇ ಒಂದು. ಇದರಿಂದ ಇನ್ನೊಂದು ಅಂಕಿಯೂ ಹೊರಡುತ್ತದೆ. ಡಿಕ್ಕಿ ಆಗದಿದ್ದರೆ ಎಲ್ಲಿರುತ್ತಿತ್ತೋ ಅದಕ್ಕಿಂತ ದೊಡ್ಡ ಅಲೆ ಸುಮಾರು 1.1 ಅಳತೆ ಮುಂದೆ ಇರುತ್ತದೆ. ಚಿಕ್ಕದು ಸುಮಾರು 2.2 ಹಿಂದೆ ಬಿದ್ದಿರುತ್ತದೆ. ಡಿಕ್ಕಿ ನಡೆದದ್ದಕ್ಕೆ ಉಳಿಯುವ ಸಾಕ್ಷಿ ಇಷ್ಟೇ.

ಇಲ್ಲಿ ಒಂದು ಎಚ್ಚರಿಕೆ. ಎರಡು ಸಾಲಿಟಾನ್‌ಗಳ ಪರಿಹಾರ ಸಿಕ್ಕಿತೆಂದು ಬೀಗುವಂತಿಲ್ಲ. ಕೆಡಿವಿಯ ಹಾಗೆ ಟೌ ಮೂಲಕ ಬರೆಯುವ ಹಿರೋಟಾ ರೂಪಕ್ಕೆ ಬರುವ ಸಮೀಕರಣ ಯಾವುದೇ ಇರಲಿ, ಎರಡು ಸಾಲಿಟಾನ್‌ಗಳ ಪರಿಹಾರ ಪುಕ್ಕಟೆ ಸಿಗುತ್ತದೆ. ನಿಜವಾದ ಪರೀಕ್ಷೆ ಮೂರನೆಯದು ಬಂದಾಗ. ಮೂರು ಸಾಲಿಟಾನ್‌ಗಳಿಗೆ ಹೊಸ ಅಂಕಿ ಸೇರಿಸಿಕೊಳ್ಳುವ ಅವಕಾಶವಿಲ್ಲ. ಎರಡೆರಡರ ನಡುವಿನ ಅ-ಗಳಿಂದಲೇ ಎಲ್ಲ ಹೊಂದಬೇಕು. ಬಹಳಷ್ಟು ಸಮೀಕರಣಗಳು ಇಲ್ಲೇ ಮುಗ್ಗರಿಸುತ್ತವೆ. ಮೂರರಲ್ಲಿ ಪಾಸಾಗುವ ಸಮೀಕರಣಗಳನ್ನೇ ಹುಡುಕಿ ಹಿಯೆಟಾರಿಂಟಾ 1987ರಲ್ಲಿ ಪಟ್ಟಿ ಮಾಡಿದರು. ಕೆಡಿವಿ ಆರಾಮವಾಗಿ ಪಾಸಾಗುತ್ತದೆ.

ಈಗ ಸೂಪರ್‌ಸಿಮೆಟ್ರಿಗೆ ಬರೋಣ. ಜಗತ್ತಿನ ಕಣಗಳಲ್ಲಿ ಎರಡು ಜಾತಿ. ಬೋಸಾನ್‌ಗಳು ಒಂದೇ ಸ್ಥಿತಿಯಲ್ಲಿ ಎಷ್ಟು ಬೇಕಾದರೂ ಇರಬಲ್ಲವು. ಫರ್ಮಿಯಾನ್‌ಗಳಲ್ಲಿ ಒಂದು ಸ್ಥಿತಿಗೆ ಒಂದೇ. ಈ ಎರಡನ್ನೂ ಒಂದಕ್ಕೊಂದು ಬದಲಾಯಿಸಿದರೂ ನಿಯಮ ಬದಲಾಗದಿರುವುದೇ ಸೂಪರ್‌ಸಿಮೆಟ್ರಿ. 1970ರ ದಶಕದ ಮೊದಲ ವರ್ಷಗಳಲ್ಲಿ ಹುಟ್ಟಿದ ಯೋಚನೆ ಇದು. ಕಣಗಳನ್ನು ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದಲ್ಲಿ ಇಷ್ಟು ವರ್ಷ ಹುಡುಕಿದರೂ ಸೂಪರ್‌ಸಿಮೆಟ್ರಿ ಹೇಳುವ ಹೊಸ ಕಣಗಳು ಸಿಕ್ಕಿಲ್ಲ. ಆದರೆ ಗಣಿತವಾಗಿ ಅದರ ಬೆಲೆ ಬೇರೆಯೇ. ಪ್ರಕೃತಿ ಒಪ್ಪಲಿ ಬಿಡಲಿ, ಲೆಕ್ಕ ಲೆಕ್ಕವೇ.

ಫರ್ಮಿಯಾನ್‌ಗಳನ್ನು ಬರೆಯಲು ಮಾಮೂಲಿ ಸಂಖ್ಯೆ ಸಾಲದು. 19ನೇ ಶತಮಾನದಲ್ಲೇ ಹರ್ಮನ್ ಗ್ರಾಸ್‌ಮನ್ ಕಟ್ಟಿದ ಬೀಜಗಣಿತ ಬೇಕು. ಅಲ್ಲಿ ಎರಡು ಸಂಖ್ಯೆಗಳ ಜಾಗ ಬದಲಾಯಿಸಿ ಗುಣಿಸಿದರೆ ಚಿಹ್ನೆ ಬದಲಾಗುತ್ತದೆ. ಹಾಗಾದರೆ ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ? ಉತ್ತರ ತನ್ನದೇ ಋಣಕ್ಕೆ ಸಮವಾಗಬೇಕು. ಸೊನ್ನೆ ಮಾತ್ರ ಹಾಗಿರಬಲ್ಲದು. ಆದ್ದರಿಂದ ಗ್ರಾಸ್‌ಮನ್ ಸಂಖ್ಯೆಯ ವರ್ಗ ಯಾವಾಗಲೂ ಸೊನ್ನೆ, ಸಂಖ್ಯೆ ತಾನು ಸೊನ್ನೆ ಅಲ್ಲದಿದ್ದರೂ.

ಎಂಎಸ್ಸಿ ಓದುತ್ತಿರುವ ಹುಡುಗಿಯೊಬ್ಬಳು ಇದನ್ನು ಕೇಳಿ ಮುಖ ಸಿಂಡರಿಸಿದ್ದಳು. “ಸರ್, ವರ್ಗ ಮಾಡಿದ್ರೆ ಸೊನ್ನೆ ಆಗೋ ಎತ್ತರನ ಯಾವ ಸ್ಕೇಲಲ್ಲಿ ಅಳೀತಾರೆ?” ಯಾವ ಸ್ಕೇಲಿನಲ್ಲೂ ಇಲ್ಲ. ಗ್ರಾಸ್‌ಮನ್ ಸಂಖ್ಯೆ 3ಕ್ಕಿಂತ ದೊಡ್ಡದೋ ಚಿಕ್ಕದೋ ಎಂಬ ಪ್ರಶ್ನೆಗೇ ಅರ್ಥವಿಲ್ಲ. ಅದರ ಮುಂದೆ ಕೂರುವ ಮಾಮೂಲಿ ಸಂಖ್ಯೆಗಳನ್ನು ನಾವು ಲೆಕ್ಕ ಹಾಕುತ್ತೇವೆ, ಅವುಗಳ ನಡುವಿನ ನಂಟನ್ನು ನೋಡುತ್ತೇವೆ. ಅಷ್ಟರಲ್ಲೇ ಬೇಕಾದಷ್ಟು ವಿಷಯ ಇದೆ.

ಬೋಸಾನ್ ಅಲೆ ಬ-ಗೆ ಜೊತೆಯಾಗಿ ‘ಫ’ ಎಂಬ ಫರ್ಮಿಯಾನ್ ಅಲೆ ಬರುತ್ತದೆ. ಜಾಗವನ್ನು ಹೇಳುವ ಎಕ್ಸ್ ಜೊತೆ ಥೀಟಾ ಎಂಬ ಗ್ರಾಸ್‌ಮನ್ ದಿಕ್ಕೊಂದು ಸೇರುತ್ತದೆ. ಥೀಟಾದ ವರ್ಗ ಸೊನ್ನೆಯಾದ್ದರಿಂದ ಎರಡೂ ಅಲೆಗಳನ್ನು ಒಂದೇ ಫಂಕ್ಷನ್‌ನಲ್ಲಿ ಹಿಡಿದಿಡಬಹುದು: ಫ + ಥೀಟಾ × ಬ. ಮೂರನೆಯ ಪದಕ್ಕೆ ಜಾಗವೇ ಇಲ್ಲ. ಇದಕ್ಕೆ ಸೂಪರ್‌ಫೀಲ್ಡ್ ಅನ್ನುತ್ತಾರೆ. ಇನ್ನೊಂದು ಮಜಾ ಇದೆ. ಇಲ್ಲಿ ಒಂದು ಹೊಸ ಡೆರಿವೇಟಿವ್ ಸಿಗುತ್ತದೆ. ಅದನ್ನು ಎರಡು ಸಲ ಮಾಡಿದರೆ ಎಕ್ಸ್‌ನ ಮಾಮೂಲಿ ಡೆರಿವೇಟಿವ್ ಒಂದು ಸಲ ಮಾಡಿದಂತೆ. ಡೆರಿವೇಟಿವ್‌ಗೇ ವರ್ಗಮೂಲ!

ಕೆಡಿವಿಗೆ ಫರ್ಮಿಯಾನ್ ಸೇರಿಸಲು ಒಂದೇ ದಾರಿ ಇಲ್ಲ. 1984ರಲ್ಲಿ ಕುಪರ್‌ಶ್ಮಿಟ್ ಕೊಟ್ಟ ಸಮೀಕರಣ ಇಂಟಿಗ್ರಬಲ್, ಆದರೆ ಅದಕ್ಕೆ ಸೂಪರ್‌ಸಿಮೆಟ್ರಿ ಇಲ್ಲ. ಮಾನಿನ್ ಮತ್ತು ರಾಡುಲ್ 1985ರಲ್ಲಿ ಎರಡೂ ಗುಣ ಇರುವುದನ್ನು ಕೊಟ್ಟರು. 1988ರಲ್ಲಿ ಪಿಯರ್ ಮಾಥ್ಯೂ ಇನ್ನೊಂದು ಕಡೆಯಿಂದ ಬಂದರು. ಸೂಪರ್‌ಸಿಮೆಟ್ರಿ ಇರುವ ಕೆಡಿವಿಗಳು ಯಾವ್ಯಾವುವು ಎಂದು ನೋಡಿದಾಗ ಒಂದು ಅಂಕಿಯನ್ನು ನಮ್ಮಿಷ್ಟದಂತೆ ಇಡಬಹುದು ಎಂದು ಗೊತ್ತಾಯಿತು. ಫರ್ಮಿಯಾನ್‌ನ ಸೋಂಕೇ ಬೋಸಾನ್‌ಗೆ ತಗಲದ ಸಪ್ಪೆ ಸಂದರ್ಭವನ್ನು ಬಿಟ್ಟರೆ, ಆ ಅಂಕಿ 3 ಆದಾಗ ಮಾತ್ರ ಸಮೀಕರಣ ಇಂಟಿಗ್ರಬಲ್. ಸೂಪರ್‌ಸಿಮೆಟ್ರಿ ಇದ್ದ ಮಾತ್ರಕ್ಕೆ ನಿಖರ ಪರಿಹಾರಗಳ ಬಾಗಿಲು ತೆರೆಯುವುದಿಲ್ಲ ಅಂತಾಯಿತು.

3 ಇಟ್ಟರೆ ಸಮೀಕರಣಗಳು ಹೀಗಾಗುತ್ತವೆ. ಬ-ದ ಸಮೀಕರಣ ಹಳೆಯ ಕೆಡಿವಿಯೇ, ಜೊತೆಗೆ ಒಂದು ಬಾಲ: ಫ ಮತ್ತು ಫ-ದ ಎರಡನೇ ಡೆರಿವೇಟಿವ್‌ನ ಗುಣಲಬ್ಧದ ಮೂರರಷ್ಟನ್ನು ಕಳೆಯಬೇಕು. ಫ-ದ ಸಮೀಕರಣದಲ್ಲಿ ಕಾಲದ ದರ, ಮೂರನೇ ಡೆರಿವೇಟಿವ್, ಮತ್ತು ‘ಬ × ಫ’ದ ಡೆರಿವೇಟಿವ್‌ನ ಮೂರರಷ್ಟು ಸೇರಿ ಸೊನ್ನೆ.

ಈಗ ಒಂದು ಪರಿಹಾರವನ್ನು ನಾವೇ ಕಟ್ಟೋಣ. ಕೆಡಿವಿಯ ಯಾವುದಾದರೂ ಹಳೆಯ ಪರಿಹಾರ ಬ ತೆಗೆದುಕೊಳ್ಳಿ. ‘ಗ’ ಎಂಬ ಒಂದು ಗ್ರಾಸ್‌ಮನ್ ಸಂಖ್ಯೆ ತೆಗೆದುಕೊಳ್ಳಿ. ಫ = ಗ × ಬ ಅಂತ ಇಡಿ. ಬ-ದ ಸಮೀಕರಣದ ಬಾಲದಲ್ಲಿ ಗ ಎರಡು ಸಲ ಬರುತ್ತದೆ. ಗ-ವರ್ಗ ಸೊನ್ನೆ, ಬಾಲ ಮಾಯ, ಉಳಿದದ್ದು ಕೆಡಿವಿ. ಫ-ದ ಸಮೀಕರಣದಲ್ಲಿ ಬ × ಫ ಅಂದರೆ ಗ × ಬ-ವರ್ಗ. ಅದರ ಡೆರಿವೇಟಿವ್‌ನ ಮೂರರಷ್ಟು ಅಂದರೆ ಗ × 6 × ಬ × ಬ-ದ ಇಳಿಜಾರು. ಗ-ವನ್ನು ಹೊರಗೆ ತೆಗೆದರೆ ಒಳಗಿರುವುದು ಮತ್ತೆ ಕೆಡಿವಿಯೇ. ಎರಡೂ ಸಮೀಕರಣಗಳು ಸರಿಹೋದವು! ನಾಲ್ಕು ಸಾಲಿನಲ್ಲಿ ಸೂಪರ್‌ಸಿಮೆಟ್ರಿಕ್ ಕೆಡಿವಿಯ ನಿಖರ ಪರಿಹಾರ.

ಇಷ್ಟು ಸುಲಭಕ್ಕೆ ಸಿಕ್ಕಿದ್ದನ್ನು ಅನುಮಾನದಿಂದಲೇ ನೋಡಬೇಕು. ಇದರಲ್ಲಿ ಹೊಸದೇನೂ ಇಲ್ಲ. ಹಳೆಯ ಪರಿಹಾರದಲ್ಲಿ ಥೀಟಾ ದಿಕ್ಕಿನ ಸೊನ್ನೆ ಬಿಂದುವನ್ನು ಗ-ದಷ್ಟು ಸರಿಸಿದರೆ ಇದೇ ಬರುತ್ತದೆ. ಒಂಟಿ ಸೂಪರ್ ಸಾಲಿಟಾನ್‌ಗೆ ಟೌ ಬರೆದು ನೋಡಿದರೂ ಫ ಯಾವಾಗಲೂ ಬ-ದ ಗ-ದಷ್ಟೇ. ಅಂದರೆ ಒಂದು ಸಾಲಿಟಾನ್ ಮಟ್ಟದಲ್ಲಿ ಸೂಪರ್‌ಸಿಮೆಟ್ರಿ ನಮಗೆ ಹೆಚ್ಚೇನೂ ಕೊಡಲಿಲ್ಲ. ಸೂಪರ್ ಸಾಲಿಟಾನ್‌ನ ಚಿತ್ರ ಬರೆದು ಇಲ್ಲಿಗೇ ನಿಲ್ಲಿಸುವ ವಿವರಣೆಗಳು ಅರ್ಧ ಕಥೆ ಹೇಳುತ್ತವೆ ಅನ್ನುವುದು ನನ್ನ ತಕರಾರು.

ಹೊಸದು ಶುರುವಾಗುವುದು ಎರಡು ಸಾಲಿಟಾನ್‌ಗಳಿಗೆ ಬೇರೆ ಬೇರೆ ಗ ಇದ್ದಾಗ. ದೊಡ್ಡದಕ್ಕೆ ಗ1, ಚಿಕ್ಕದಕ್ಕೆ ಗ2. ಆಗ ಥೀಟಾವನ್ನು ಎಷ್ಟು ಸರಿಸಿದರೂ ಎರಡನ್ನೂ ಒಟ್ಟಿಗೆ ಅಳಿಸಲಾಗದು. ಡಿಕ್ಕಿಯಾದ ಮೇಲೆ ಎತ್ತರ, ವೇಗ ಎಂದಿನಂತೆ ಹಾಗೇ ಉಳಿಯುತ್ತವೆ. ಗ-ಗಳು ಮಾತ್ರ ಬದಲಾಗುತ್ತವೆ. ಹಿರೋಟಾ ರೂಪದಿಂದ ಲೆಕ್ಕ ಹೊರಟರೆ ದೊಡ್ಡ ಅಲೆಯ ಹೊಸ ಗ ಹೀಗೆ ಬರುತ್ತದೆ:

ಹೊಸ ಗ1 = [(ಕ1 − ಕ2) × ಗ1 + 2 × ಕ2 × ಗ2] ÷ (ಕ1 + ಕ2)

ಇದನ್ನು ಎಲ್ಲೋ ನೋಡಿದ ಹಾಗಿದೆ, ಅಲ್ವಾ? ಮೊದಲನೇ ಪಿಯುಸಿ ಭೌತಶಾಸ್ತ್ರ. ಒಂದೇ ಗೆರೆಯ ಮೇಲೆ ಎರಡು ಗೋಲಿಗಳು ಶಕ್ತಿ ಕಳೆದುಕೊಳ್ಳದೆ ಡಿಕ್ಕಿ ಹೊಡೆದಾಗ ವೇಗ ಹೇಗೆ ಬದಲಾಗುತ್ತದೆ ಎಂಬ ಸೂತ್ರ. ಕ-ದ ಜಾಗದಲ್ಲಿ ಗೋಲಿಯ ದ್ರವ್ಯರಾಶಿ, ಗ-ದ ಜಾಗದಲ್ಲಿ ವೇಗ ಇಟ್ಟರೆ ಅಕ್ಷರಶಃ ಅದೇ. ಹೋಲಿಕೆ ಸೂತ್ರಕ್ಕೇ ನಿಲ್ಲುವುದಿಲ್ಲ. ಗೋಲಿಗಳಲ್ಲಿ ಒಟ್ಟು ಸಂವೇಗ ಉಳಿಯುತ್ತದೆ. ಇಲ್ಲಿ ಕ1 × ಗ1 + ಕ2 × ಗ2 ಉಳಿಯುತ್ತದೆ. ಫ-ದ ಕೆಳಗಿನ ಒಟ್ಟು ವಿಸ್ತೀರ್ಣದ ಅರ್ಧ ಅದು, ಅದು ಬದಲಾಗದಂತೆ ಸಮೀಕರಣವೇ ನೋಡಿಕೊಳ್ಳುತ್ತದೆ. ಗೋಲಿಗಳು ಹತ್ತಿರ ಬರುವ ವೇಗ ಮತ್ತು ದೂರ ಸರಿಯುವ ವೇಗ ಒಂದೇ. ಇಲ್ಲಿಯೂ ಗ1 − ಗ2 ಡಿಕ್ಕಿಯ ನಂತರ ಚಿಹ್ನೆಯನ್ನಷ್ಟೇ ಬದಲಾಯಿಸುತ್ತದೆ.

ಕ ಬೆಲೆ 2 ಮತ್ತು 1 ಇಟ್ಟು ನೋಡಿ. ಹೊಸ ಗ1 ಅಂದರೆ (ಗ1 + 2 ಗ2) ಭಾಗಿಸು 3. ಹೊಸ ಗ2 ಅಂದರೆ (4 ಗ1 − ಗ2) ಭಾಗಿಸು 3. ಎರಡೂ ಗ ಒಂದೇ ಆಗಿದ್ದರೆ ಏನೂ ಬದಲಾಗುವುದಿಲ್ಲ. ಒಂದೇ ವೇಗದಲ್ಲಿ ಹೋಗುವ ಗೋಲಿಗಳ ನಡುವೆ ಡಿಕ್ಕಿಯೇ ಇಲ್ಲವಲ್ಲ.

ಬೋಸಾನ್ ಕಡೆಗೂ ಸ್ವಲ್ಪ ಪೆಟ್ಟು ತಗಲುತ್ತದೆ. ಅಲೆಗಳು ಮುಂದೆ ಹಿಂದೆ ಸರಿಯುವ 1.1 ಮತ್ತು 2.2ರ ಲೆಕ್ಕದಲ್ಲಿ ಗ1 × ಗ2 ಇರುವ ಒಂದು ಚೂರು ಸೇರುತ್ತದೆ. ಅದನ್ನು ಮೀಟರಿನಲ್ಲಿ ಹೇಳಲು ಬರುವುದಿಲ್ಲ.

ಈ ಸೂತ್ರಗಳು ಸಿಕ್ಕಿದ ದಾರಿ ನೇರವಾಗಿರಲಿಲ್ಲ. ಹಿರೋಟಾ ವಿಧಾನವನ್ನು ಸೂಪರ್ ಕೆಡಿವಿಗೆ ಒಗ್ಗಿಸುವ ಕೆಲಸವನ್ನು 1993ರಲ್ಲಿ ಮ್ಯಾಕ್‌ಆರ್ಥರ್ ಮತ್ತು ಯುಂಗ್ ಮಾಡಿದರು. 1997ರಲ್ಲಿ ಲಿಯು ಮತ್ತು ಮಾನ್ಯಾಸ್ ಡಾರ್ಬೂ ಪರಿವರ್ತನೆ ಎಂಬ ಬೇರೆ ದಾರಿಯಿಂದ ಪರಿಹಾರಗಳನ್ನು ಕಟ್ಟಿದರು. 2000ದಲ್ಲಿ ರೊಮೇನಿಯಾದ ಕಾರ್ಸ್ಟಿಯಾ ಹಿರೋಟಾ ವಿಧಾನವನ್ನು ಇನ್ನಷ್ಟು ಚೊಕ್ಕವಾಗಿ ಕಟ್ಟಿದಾಗ ಒಂದು ವಿಚಿತ್ರ ಎದುರಾಯಿತು. ಮೂರು ಅಥವಾ ಹೆಚ್ಚು ಸಾಲಿಟಾನ್‌ಗಳಿಗೆ ಗ-ಗಳನ್ನು ನಮ್ಮಿಷ್ಟದಂತೆ ಇಟ್ಟರೆ ಪರಿಹಾರ ಬರುತ್ತಿಲ್ಲ! ಎಲ್ಲ ಸಾಲಿಟಾನ್‌ಗಳಿಗೂ ಒಂದೇ ಗ ಇಟ್ಟರೆ ಮಾತ್ರ ಬರುತ್ತದೆ. ಇಂಟಿಗ್ರಬಲ್ ಎಂದು ಬೇರೆ ದಾರಿಯಿಂದ ಸಾಬೀತಾದ ಸಮೀಕರಣ ಮೂರರ ಪರೀಕ್ಷೆಯಲ್ಲಿ ಫೇಲ್ ಆದರೆ ಹೇಗೆ? ಜೊತೆಗೆ, ಒಂದೇ ಗ ಇಟ್ಟ ಪರಿಹಾರ ಅಂದರೆ ನಾವು ಮೇಲೆ ನಾಲ್ಕು ಸಾಲಿನಲ್ಲಿ ಕಟ್ಟಿದ ಆ ಸುಲಭದ ಸರಕೇ.

ಗಂಟು ಬಿಡಿಸಿದ್ದು 2001ರಲ್ಲಿ, ಕಾರ್ಸ್ಟಿಯಾ, ರಮಾನಿ, ಗ್ರಾಮಾಟಿಕೋಸ್ ಮೂವರೂ ಸೇರಿ. ಡಿಕ್ಕಿಯ ಪದದಲ್ಲಿ ಅ ಎಂಬ ಅಂಕಿ ಮಾತ್ರ ಇದ್ದರೆ ಸಾಲದು. ಫರ್ಮಿಯಾನ್ ಭಾಗವೂ ಅಲ್ಲಿ ಬದಲಾಗಲು ಬಿಡಬೇಕು. ಹಾಗೆ ಬಿಟ್ಟರೆ ಎಷ್ಟು ಸಾಲಿಟಾನ್‌ಗಳಿದ್ದರೂ, ಗ-ಗಳು ಹೇಗಿದ್ದರೂ ಪರಿಹಾರ ಸಿಗುತ್ತದೆ. ಮೇಲಿನ ಗೋಲಿ ಸೂತ್ರ ಹೊರಡುವುದು ಆ ಬದಲಾವಣೆಯಿಂದಲೇ.

ಮೂರರ ಪರೀಕ್ಷೆಯನ್ನು ಈಗ ನೀವೇ ಮಾಡಬಹುದು. ಕ ಬೆಲೆ 3, 2, 1 ಇರುವ ಮೂರು ಸಾಲಿಟಾನ್‌ಗಳು. ವೇಗದ್ದು ಎಲ್ಲರಿಗಿಂತ ಹಿಂದೆ, ನಿಧಾನದ್ದು ಮುಂದೆ. ಶುರುವಿನಲ್ಲಿ ಮೊದಲನೆಯದಕ್ಕೆ ಮಾತ್ರ ಗ ಇದೆ, ಉಳಿದೆರಡಕ್ಕೆ ಸೊನ್ನೆ. ನಡುವಿನ ಅಂತರ ಎಷ್ಟಿದೆ ಎನ್ನುವುದರ ಮೇಲೆ ಡಿಕ್ಕಿಗಳು ಎರಡು ಕ್ರಮದಲ್ಲಿ ನಡೆಯಬಹುದು. ಒಂದನೆಯದು ಎರಡನೆಯದನ್ನು ಮೊದಲು ದಾಟಿತು ಅನ್ನಿ. ಶುರುವಿನ ಆ ಗ-ದ ಎಷ್ಟರಷ್ಟು ಎಂದು ಎಣಿಸಿದರೆ ಗ-ಗಳು 0.2, 1.2, 0 ಆಗುತ್ತವೆ. ಆಮೇಲೆ ಒಂದನೆಯದು ಮೂರನೆಯದನ್ನು ದಾಟುತ್ತದೆ: 0.1, 1.2, 0.3. ಕೊನೆಗೆ ಎರಡನೆಯದು ಮೂರನೆಯದನ್ನು ದಾಟುತ್ತದೆ: 0.1, 0.6, 1.5.

ಇನ್ನೊಂದು ಕ್ರಮ. ಎರಡನೆಯದು ಮೂರನೆಯದನ್ನು ಮೊದಲೇ ದಾಟಿತು. ಎರಡಕ್ಕೂ ಸೊನ್ನೆ ಇದ್ದುದರಿಂದ ಏನೂ ಬದಲಾಗಲಿಲ್ಲ. ಆಮೇಲೆ ಒಂದನೆಯದು ಮೂರನೆಯದನ್ನು ದಾಟಿತು: 0.5, 0, 1.5. ಕೊನೆಗೆ ಒಂದನೆಯದು ಎರಡನೆಯದನ್ನು ದಾಟಿತು: 0.1, 0.6, 1.5.

ನಡುವಿನ ಅಂಕಿಗಳು ಬೇರೆ, ಕೊನೆಯ ಅಂಕಿಗಳು ಒಂದೇ. ಅಂಕಿಗಳನ್ನು ಆರಿಸಿಟ್ಟು ಮಾಡಿದ ಚಮತ್ಕಾರ ಇದಲ್ಲ. ಪ್ರತಿ ಡಿಕ್ಕಿಯಲ್ಲೂ ಎರಡು ಗ-ಗಳ ವ್ಯತ್ಯಾಸ ಚಿಹ್ನೆ ಬದಲಾಯಿಸುತ್ತದೆ ಎಂದೆವಲ್ಲ, ಜ್ಯಾಮಿತಿಯಲ್ಲಿ ಅದು ಕನ್ನಡಿಯ ಕೆಲಸ. ಮೂರು ಗ-ಗಳ ಒಟ್ಟು ಲೆಕ್ಕ (ಕ-ದಿಂದ ಗುಣಿಸಿ ಕೂಡಿದ್ದು) ಬದಲಾಗದೇ ಇರುವುದರಿಂದ ನಿಜವಾಗಿ ಅಲುಗಾಡುವ ದಿಕ್ಕುಗಳು ಎರಡೇ. ಅಂದರೆ ಮೂರು ಡಿಕ್ಕಿಗಳು ಒಂದೇ ಸಮತಲದಲ್ಲಿ, ಒಂದೇ ಬಿಂದುವಿನ ಮೂಲಕ ಹಾಯುವ ಮೂರು ಕನ್ನಡಿಗಳು. ಅಂಥ ಮೂರು ಕನ್ನಡಿಗಳಲ್ಲಿ ಸಾಲಾಗಿ ಪ್ರತಿಫಲಿಸಿದರೆ ಒಟ್ಟು ಫಲ ಇನ್ನೊಂದು ಕನ್ನಡಿಯೇ. ಕನ್ನಡಿಯಲ್ಲಿ ಎರಡು ಸಲ ಪ್ರತಿಫಲಿಸಿದರೆ ಮೊದಲಿನ ಸ್ಥಿತಿಗೆ ಬರುತ್ತೇವೆ. ಹಾಗಾಗಿ ಆ ಮೂರನ್ನು ಹಿಂದಿನಿಂದ ಮುಂದಕ್ಕೆ ಮಾಡಿದರೂ ಫಲ ಅದೇ. ಕ ಬೆಲೆ 3, 2, 1 ಇರಲಿ, 7, 5, 2 ಇರಲಿ, ಶುರುವಿನ ಗ-ಗಳು ಏನೇ ಇರಲಿ, ಡಿಕ್ಕಿಯ ಕ್ರಮದಿಂದ ಉತ್ತರ ಬದಲಾಗುವುದಿಲ್ಲ.